ಹೂವಿನ ಹೊತ್ತಿಗೆ ಒದಗದ ನಾಣ್ಯಗಳು

ಮಕ್ಕಳೇ, ಹೋದ ತಿಂಗಳು ದೊಡ್ಡವಳು ಚಿಕ್ಕಮಗಳೂರಿನಿಂದ ರಜೆಗೆ ಬಂದವಳು ಊಟಕ್ಕೆ ಕೂತಾಗ ಕೇಳಿದಳು, ಮೊದಲ ಸಂಬಳದಲ್ಲಿ ಒಂದು ಚಿನ್ನದ ನಾಣ್ಯ ತೆಗೆದುಕೊಂಡರೆ ಹೇಗೆ ಎಂದು. ನಾನು ಮಜ್ಜಿಗೆ ತರುವ ನೆಪದಲ್ಲಿ ಒಳಗೆ ಹೋದೆ. ನಿಮ್ಮಪ್ಪ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದ. ನಿಮ್ಮಮ್ಮ ಪಲ್ಯ ಬಡಿಸಿದಳು. ಅಜ್ಜಿಗೆ ಏನಾಯಿತು ಎಂದು ನಿಮಗೆ ಅನ್ನಿಸಿರಬೇಕು. ಎದುರಿಗೆ ಕೂತು ಹೇಳುವುದು ನನಗೆ ಚಿಕ್ಕಂದಿನಿಂದ ಬಂದದ್ದಲ್ಲ. ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ, ಬರೆಯುತ್ತೇನೆ. ಇದು ನಡೆದಾಗ ನೀವಿಬ್ಬರೂ ಹಾಸ್ಟೆಲಿನಲ್ಲಿದ್ದಿರಿ. ಯಾರೂ ನಿಮಗೆ ಹೇಳಿರಲಿಲ್ಲ.

ನಿಮ್ಮಜ್ಜ ತೀರಿಕೊಂಡ ಮೇಲೆ ತೋಟದ ದುಡ್ಡು ಮೊದಲ ಬಾರಿ ನನ್ನ ಕೈಗೆ ಬಂತು. ಮೂರೂವರೆ ಎಕರೆ ರೋಬಸ್ಟಾ ಕಾಫಿ ಎಂದರೆ ದೊಡ್ಡ ದುಡ್ಡಲ್ಲ, ಆದರೆ ಖರ್ಚು ಕಳೆದು ಸ್ವಲ್ಪ ಉಳಿಯುತ್ತಿತ್ತು. ಅಜ್ಜ ಇದ್ದಾಗ ಉಳಿದದ್ದೆಲ್ಲ ಮೂಟೆಯಲ್ಲಿ ಇರುತ್ತಿತ್ತು. ಒಳ್ಳೆಯ ರೇಟು ಬರಲಿ ಎಂದು ಒಣಗಿದ ಕಾಫಿಯನ್ನು ಕೋಣೆ ತುಂಬ ಪೇರಿಸಿಡುತ್ತಿದ್ದರು. ಮಳೆಗಾಲದಲ್ಲಿ ಅದು ತೇವ ಎಳೆದುಕೊಂಡು ಮುಗ್ಗಲು ವಾಸನೆ ಬರುತ್ತಿತ್ತು, ಕೊನೆಗೆ ಯಾವುದೋ ರೇಟಿಗೆ ಹೋಗುತ್ತಿತ್ತು. ನನಗೆ ಆ ಕಾಯುವಿಕೆ ಬೇಡವಾಗಿತ್ತು. ಮುಗ್ಗದ, ತೂಕ ಕಡಿಮೆಯಾಗದ ಒಂದು ವಸ್ತುವಿನಲ್ಲಿ ದುಡ್ಡು ಇಡಬೇಕು ಎಂದುಕೊಂಡೆ.

ಆಗಲೇ ನಮ್ಮ ಮಹಿಳಾ ಸಂಘದ ಸಭೆಗೆ ಉಳಿತಾಯದ ಬಗ್ಗೆ ಹೇಳಲು ಒಬ್ಬರು ಮೇಡಂ ಬಂದರು. "ಒಡವೆ ಮಾಡಿಸಿದ್ರೆ ಮಜೂರಿ ಹೋಗುತ್ತೆ, ವೇಸ್ಟೇಜ್ ಹೋಗುತ್ತೆ. ನಾಣ್ಯ ತಗೊಳ್ಳಿ. ಬೇಕಾದಾಗ ಮಾರ್ಬಹುದು," ಎಂದರು. ಬೇಕಾದಾಗ ಎಂಬ ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಆ ವರ್ಷದಿಂದ ಕಾಫಿ ಮಾರಿದ ವಾರವೇ ಜೀಪು ಹತ್ತಿ ಮೂಡಿಗೆರೆಗೆ ಹೋಗುತ್ತಿದ್ದೆ. ಚಿನ್ನದ ಅಂಗಡಿಯಲ್ಲಿ ಏನು ಹೇಳಬೇಕು ಎಂದು ಕೊಟ್ಟಿಗೆಹಾರದಿಂದಲೇ ಮನಸ್ಸಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. "ನಾಲ್ಕು ಗ್ರಾಮಿಂದು ಒಂದು ನಾಣ್ಯ ಕೊಡಿ." ಅಷ್ಟೇ. ಉಳಿದ ಗಿರಾಕಿಗಳು ಹೋಗುವವರೆಗೆ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದೆ. ಇದನ್ನು ನೀವೇ ವಾಪಸ್ ತೆಗೆದುಕೊಳ್ಳುತ್ತೀರಾ, ತೆಗೆದುಕೊಂಡರೆ ದುಡ್ಡು ಕೊಡುತ್ತೀರಾ ಎಂದು ಒಂದು ಸಲವೂ ಕೇಳಲಿಲ್ಲ. ಕೊಳ್ಳುವಾಗಲೇ ಮಾರುವ ಮಾತಾಡಿದರೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ. ಬಿಲ್ಲು ಬರೆಯುವಾಗ ಫೋನ್ ನಂಬರ್ ಕೇಳುತ್ತಿದ್ದರು. ಹೆಂಗಸಿನ ನಂಬರ್ ಅಂಗಡಿಯಲ್ಲಿ ಯಾಕೆ ಎಂದುಕೊಂಡು, ಫೋನ್ ಇಲ್ಲ ಎನ್ನುತ್ತಿದ್ದೆ.

ಆರು ವರ್ಷದಲ್ಲಿ ಆರು ನಾಣ್ಯ. ಐದು ನಾಲ್ಕು ಗ್ರಾಮಿನವು, ಕಾಫಿ ಕಡಿಮೆಯಾದ ವರ್ಷದ್ದು ಎರಡು ಗ್ರಾಮಿನದು. ಒಟ್ಟು ಇಪ್ಪತ್ತೆರಡು ಗ್ರಾಂ.

ನಿಮ್ಮಮ್ಮ ಒಂದು ಸಲ ಹೇಳಿದ್ದಳು: "ಅತ್ತೆ, ಒಂದು ಜೊತೆ ಬಳೆ ಮಾಡಿಸ್ಕೊಳ್ಳಿ. ಕೈಗಾದ್ರೂ ಹಾಕ್ಕೊಳ್ಳೋಕೆ ಆಗ್ತದೆ."

"ಮಜೂರಿ ಯಾರು ಕೊಡ್ತಾರೆ? ನಿಂಗೆ ಇದೆಲ್ಲ ಗೊತ್ತಾಗಲ್ಲ," ಎಂದಿದ್ದೆ. ಅಂಗಡಿಯಲ್ಲಿ ಬಾಯಿ ಬಿಡದವಳಿಗೆ ಸೊಸೆಯ ಮುಂದೆ ಎಷ್ಟು ಚೆನ್ನಾಗಿ ಬಾಯಿ ಬರುತ್ತಿತ್ತು ನೋಡಿ.

ನಾಣ್ಯಗಳು ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಕಾರ್ಡಿನೊಳಗೆ ಬರುತ್ತಿದ್ದವು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ನೀರಿಗೆ ಚಿನ್ನ ಹಾಕುವುದು ನಮ್ಮ ಮನೆಯ ಪದ್ಧತಿ. ಮೊದಲೆಲ್ಲ ನನ್ನ ಓಲೆ ಬಿಚ್ಚಿ ಹಾಕುತ್ತಿದ್ದೆ. ನಾಣ್ಯ ಬಂದ ಮೇಲೆ ನಾಣ್ಯ. ಪ್ಲಾಸ್ಟಿಕ್ ಸಮೇತ ಕಲಶಕ್ಕೆ ಹಾಕಲು ಮನಸ್ಸು ಬರಲಿಲ್ಲ. ಅಡಿಕೆ ಕತ್ತರಿಯಲ್ಲಿ ಅಂಚು ಕತ್ತರಿಸಿ, ಹಾಲಿನಲ್ಲಿ ತೊಳೆದು, ಅರಿಶಿನ ಕುಂಕುಮ ಹಚ್ಚಿ ಹಾಕಿದೆ. ಪ್ರತಿ ವರ್ಷ ಹಾಗೆಯೇ. ಕತ್ತರಿಸಿದ ಕಾರ್ಡುಗಳು ಒಲೆಗೆ ಹೋದವು.

ಬಿಲ್ಲುಗಳನ್ನು ಮಾತ್ರ ಜೋಪಾನ ಮಾಡಿದ್ದೆ. ನಮ್ಮಲ್ಲಿ ಮಳೆಗಾಲಕ್ಕೆ ಕಾಗದ ಉಳಿಯಬೇಕಾದರೆ ಅದರ ಜಾಗ ಒಲೆಯ ಮೇಲಿನ ಅಟ್ಟ. ರೇಷನ್ ಕಾರ್ಡು, ತೋಟದ ಪಹಣಿ, ನಿಮ್ಮಪ್ಪನ ಮಾರ್ಕ್ಸ್ ಕಾರ್ಡು ಎಲ್ಲ ಬೂಸ್ಟು ಹಿಡಿಯದೆ ಉಳಿದದ್ದು ಅಲ್ಲಿಯೇ. ಬಿಲ್ಲುಗಳನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಗೆ ಹಾಕಿ ಅದೇ ಅಟ್ಟದ ಮೇಲಿಟ್ಟೆ. ಹೊಗೆ ತಾಗದಿರಲಿ ಎಂದು ಮುಚ್ಚಳದ ಸುತ್ತ ಬಟ್ಟೆ ಕಟ್ಟಿದ್ದೆ.

ಇನ್ನು ಆ ಫೆಬ್ರವರಿಯ ಮಾತು. ಕೊಯ್ಲು ಮುಗಿದು ಕಾಫಿ ಇನ್ನೂ ಕಣದಲ್ಲಿ ಒಣಗುತ್ತಿತ್ತು. ಗಿಡದಲ್ಲಿ ಮುಂದಿನ ಫಸಲಿನ ಮೊಗ್ಗು ಕೂತಿತ್ತು. ರೋಬಸ್ಟಾ ಮೊಗ್ಗಿಗೆ ಆ ಹೊತ್ತಿನಲ್ಲಿ ಒಂದು ಒಳ್ಳೆಯ ಮಳೆ ಬರಬೇಕು, ಇಲ್ಲವೇ ನಾವೇ ಸ್ಪ್ರಿಂಕ್ಲರ್ ಹಾಕಿ ನೀರು ಕೊಡಬೇಕು. ಕೊಟ್ಟರೆ ವಾರದೊಳಗೆ ತೋಟವೆಲ್ಲ ಬೆಳ್ಳಗೆ ಹೂವಾಗುತ್ತದೆ. ಕೊಡದಿದ್ದರೆ ಮೊಗ್ಗು ಸುಟ್ಟುಹೋಗುತ್ತದೆ, ಆ ವರ್ಷದ ಫಸಲೂ ಅದರ ಜೊತೆಗೆ ಹೋಗುತ್ತದೆ. ನಮ್ಮ ಕೆರೆಯಲ್ಲಿ ನೀರಿತ್ತು, ಪೈಪು ಇತ್ತು. ಸೋಮವಾರ ಬೆಳಿಗ್ಗೆ ಡೀಸೆಲ್ ಇಂಜಿನ್ ಶುರು ಮಾಡಿದರೆ ಒಂದು ದೊಡ್ಡ ಸದ್ದು ಮಾಡಿ ನಿಂತಿತು. ಮೆಕ್ಯಾನಿಕ್ ಬಂದು ಬಿಚ್ಚಿ ನೋಡಿ, "ಇದು ಅಜ್ಜನ ಕಾಲದ್ದು, ಅಜ್ಜನ ಹತ್ರಾನೇ ಹೋಯ್ತು," ಎಂದ. ನಗುವ ಹೊತ್ತಲ್ಲ, ಆದರೂ ನಿಮ್ಮಮ್ಮ ನಕ್ಕಳು.

ಬಾಡಿಗೆಗೆ ಸಿಗಲಿಲ್ಲ. ಎಲ್ಲರ ತೋಟದಲ್ಲೂ ಅದೇ ಹೊತ್ತು, ಎಲ್ಲರಿಗೂ ಇಂಜಿನ್ ಬೇಕು. ಮೂಡಿಗೆರೆಯ ಪಂಪಿನ ಅಂಗಡಿಯಲ್ಲಿ ಒಂದೇ ಒಂದು ಹೊಸ ಇಂಜಿನ್ ಇತ್ತು. ಪೂರ್ತಿ ದುಡ್ಡು ಕೊಟ್ಟರೆ ಅವತ್ತೇ ಜೀಪಿಗೆ ಹಾಕಿ ಕಳಿಸುತ್ತೇವೆ ಎಂದರು. ಕೊಯ್ಲಿನ ಕೂಲಿ ಕೊಟ್ಟು ನಮ್ಮ ಕೈ ಖಾಲಿಯಾಗಿತ್ತು. ನಿಮ್ಮಪ್ಪ ಲೆಕ್ಕ ಬರೆಯುವ ರೈಟರ್ ಆಗಿರುವ ಎಸ್ಟೇಟಿನ ಧಣಿಗಳು ಊರಲ್ಲಿರಲಿಲ್ಲ.

"ಕಾಫಿ ವ್ಯಾಪಾರಿ ಹತ್ರ ಅಡ್ವಾನ್ಸ್ ಕೇಳ್ತೀನಮ್ಮ," ಎಂದ ನಿಮ್ಮಪ್ಪ. "ಕಣದಲ್ಲಿರೋ ಕಾಫಿ ಮೇಲೆ ಕೊಡ್ತಾರೆ. ರೇಟು ಸ್ವಲ್ಪ ಹಿಡಿದು ಹಾಕ್ತಾರೆ, ಅಷ್ಟೇ. ಮಧ್ಯಾಹ್ನಕ್ಕೆ ಇಂಜಿನ್ ಬರ್ತದೆ."

ನಾನು ಬೇಡ ಎಂದೆ. ಮನೆಯಲ್ಲಿ ಇಪ್ಪತ್ತೆರಡು ಗ್ರಾಂ ಚಿನ್ನ ಇಟ್ಟುಕೊಂಡು ವ್ಯಾಪಾರಿಯ ಮುಂದೆ ಕೈ ಚಾಚುವುದೇ? ಟಿ.ವಿ.ಯಲ್ಲಿ ಚಿನ್ನದ ರೇಟು ದಿನಾ ಏರುತ್ತಿದೆ ಎನ್ನುತ್ತಿದ್ದರು. ಬೇಕಾದಾಗ ಮಾರಬಹುದು, ಈಗಲೇ ಬೇಕಾಗಿದೆ. ನಾಳೆ ಹತ್ತು ಗಂಟೆಗೆ ದುಡ್ಡು ತರುತ್ತೇನೆ ಎಂದೆ. ಆ ಸೋಮವಾರ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಕಾಗದ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮಂಗಳವಾರ ನಾನೂ ನಿಮ್ಮಮ್ಮನೂ ಚಿನ್ನದ ಅಂಗಡಿಗೆ ಹೋದೆವು. ಅಂಗಡಿಯವರು ನಾಣ್ಯಗಳನ್ನು ಅಂಗೈಯಲ್ಲಿ ಹರಡಿಕೊಂಡರು. ಅಂಚಿನಲ್ಲಿ ಕುಂಕುಮ ಅಂಟಿತ್ತು.

"ಕವರ್ ಎಲ್ಲಮ್ಮ?"

"ಕತ್ತರಿಸಿದೆ."

"ಯಾಕೆ ಕತ್ತರಿಸಿದ್ರಿ?"

"ಪೂಜೆಗೆ."

"ಲಕ್ಷ್ಮಿಗೆ ಕವರ್ ಮೇಲಿಂದ ಕಾಣ್ತಿರ್ಲಿಲ್ವಾ?" ಪಕ್ಕದಲ್ಲಿ ಸರ ನೋಡುತ್ತಿದ್ದ ಹೆಂಗಸರು ತಿರುಗಿ ನೋಡಿದರು.

"ಹೋಗ್ಲಿ, ಬಿಲ್ ಇದ್ಯಾ?"

ಬಿಲ್ಲು ಇದೆ ಎಂದು ಡಬ್ಬಿ ಮುಂದಿಟ್ಟೆ. ಒಲೆಯ ಮೇಲಿಂದ ಇಳಿಸಿ ಹಾಗೆಯೇ ತಂದಿದ್ದೆ, ತೆರೆದು ನೋಡಿರಲಿಲ್ಲ. ಅವರು ಬಟ್ಟೆ ಬಿಚ್ಚಿ ಒಂದೊಂದಾಗಿ ತೆಗೆದರು. ಒಂದರಲ್ಲೂ ಅಕ್ಷರವಿಲ್ಲ. ಆರೂ ಕಾಗದ ಕಪ್ಪಗೆ, ಕೆಲವು ಕಡೆ ಬೂದು ಬಣ್ಣ.

"ಕಾರ್ಬನ್ ಪೇಪರ್ ತಂದಿದ್ದೀರಲ್ಲಮ್ಮ."

ಆ ಕಾಗದದಲ್ಲಿ ಶಾಯಿಯೇ ಇರುವುದಿಲ್ಲವಂತೆ. ಮಿಷನ್ ಬಿಸಿಯಿಂದಲೇ ಅಕ್ಷರ ಮೂಡಿಸುತ್ತದಂತೆ, ಮತ್ತೆ ಬಿಸಿ ತಾಗಿದರೆ ಇಡೀ ಕಾಗದ ಕಪ್ಪಾಗುತ್ತದಂತೆ. ಇದನ್ನು ಬಿಲ್ಲು ಕೊಡುವಾಗ ಹೇಳಬಾರದಿತ್ತೇ? ಒಲೆಯ ಮೇಲೆ ಕಾಗದ ಇಡದ ಮನೆ ನಮ್ಮ ಕಡೆ ಎಷ್ಟಿದೆ? ಹೀಗೆಲ್ಲ ಆಮೇಲೆ ಜೀಪಿನಲ್ಲಿ ಕೂತಾಗ ಅನ್ನಿಸಿತು. ಅಲ್ಲಿ ನಿಂತಾಗ ನಾನು ಕಪ್ಪು ಕಾಗದಗಳನ್ನು ಮತ್ತೆ ಡಬ್ಬಿಗೆ ತುಂಬಿದೆ. ನಿಮ್ಮಮ್ಮನೇ ಕೇಳಿದಳು: "ನಿಮ್ಮ ಕಂಪ್ಯೂಟರಲ್ಲಿ ಇರ್ಬೇಕಲ್ಲ? ಅತ್ತೆ ಆರು ವರ್ಷ ನಿಮ್ಮಲ್ಲೇ ತಗೊಂಡಿದ್ದು."

"ಯಾವ ನಂಬರ್ ಕೊಟ್ಟಿದ್ರು?"

ನಿಮ್ಮಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಕೊನೆಗೆ ಅವರು ಹೇಳಿದ್ದು ಇಷ್ಟು. ಕವರೂ ಬಿಲ್ಲೂ ಇಲ್ಲದ ನಾಣ್ಯ ಅವರಿಗೆ ಬರೀ ಹಳೆ ಚಿನ್ನ. ಅದನ್ನು ಚಿಕ್ಕಮಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಬೇಕು, ಗುರುವಾರ ಬನ್ನಿ. ನಾಣ್ಯಗಳನ್ನು ಬಿಟ್ಟುಹೋಗಲು ಭಯ, ಬಿಡದಿದ್ದರೆ ಕೆಲಸವಿಲ್ಲ. ಮೊದಲು ಬೇರೆ ಕಡೆ ಕೇಳೋಣ ಎಂದು ಬ್ಯಾಂಕಿಗೆ ಹೋದೆವು. ನಾವು ನಾಣ್ಯ ಕೊಂಡುಕೊಳ್ಳುವುದಿಲ್ಲ ಎಂದರು. ಚಿನ್ನದ ಮೇಲೆ ಸಾಲ ಕೊಡುವ ಆಫೀಸಿಗೆ ಹೋದೆವು. ಅಲ್ಲಿನ ಹುಡುಗಿ ಒಳ್ಳೆಯವಳು, ಕೂರಿಸಿ ನೀರು ಕೊಟ್ಟಳು.

"ಅಜ್ಜಿ, ನಾವು ನಾಣ್ಯ ಇಟ್ಕೊಳ್ಳಲ್ಲ. ಒಡವೆ ಇದ್ರೆ ಕೊಡಿ, ಅರ್ಧ ಗಂಟೆಲಿ ಆಗ್ತದೆ."

"ಇದೂ ಚಿನ್ನವೇ ಅಲ್ವಾ?"

"ಚಿನ್ನವೇ ಅಜ್ಜಿ. ಆದ್ರೆ ರೂಲ್ಸ್ ಹಾಗಿದೆ. ಎಲ್ರಿಗೂ ಹೇಳಿ ಹೇಳಿ ನಂಗೂ ಸಾಕಾಗಿದೆ."

ನಿಮ್ಮಮ್ಮ ತನ್ನ ಕತ್ತಿನ ಸರಕ್ಕೆ ಕೈ ಹಾಕಿದಳು. ಅದು ಅವಳ ತವರಿನವರು ಹಾಕಿದ್ದು. ನಾನು ಅವಳ ಕೈ ಹಿಡಿದುಕೊಂಡೆ. ಅವಳ ಸರ ಇಟ್ಟು ನನ್ನ ನಾಣ್ಯ ಉಳಿಸುವುದು ನನ್ನಿಂದ ಆಗುತ್ತಿರಲಿಲ್ಲ. ಇದೂ ತಪ್ಪೇ. ಅವತ್ತು ಅವಳನ್ನು ತಡೆಯದಿದ್ದರೂ ಇಂಜಿನ್ ಬರುತ್ತಿತ್ತು. ಮತ್ತೆ ಚಿನ್ನದ ಅಂಗಡಿಗೆ ಹೋಗಿ ನಾಣ್ಯಗಳನ್ನು ತೂಕ ಮಾಡಿಸಿ, ಚೀಟಿ ಬರೆಸಿಕೊಂಡು, ಬಿಟ್ಟು ಬಂದೆವು.

ಬುಧವಾರ ಸಂಜೆ ಮೋಡ ಕಟ್ಟಿತು. ನಾನು ಅಂಗಳದಲ್ಲಿ ನಿಂತು ಬರಲಿ ಬರಲಿ ಎನ್ನುತ್ತಿದ್ದೆ. ಧೂಳು ಅಡಗುವಷ್ಟು ಹನಿದು ನಿಂತಿತು. ಅಂಥ ಮಳೆ ಬರದಿರುವುದೇ ಮೇಲು. ಅರ್ಧ ನೆನೆದ ಮೊಗ್ಗು ಅರಳಲು ಹೊರಡುತ್ತದೆ, ಅರಳುವುದಕ್ಕೆ ನೀರು ಸಾಲುವುದಿಲ್ಲ, ಅಲ್ಲಿಗೇ ಕೆಂಪಾಗಿ ನಿಲ್ಲುತ್ತದೆ. ನಿಮ್ಮಪ್ಪ ಕೆಲಸದಿಂದ ಬಂದವನೇ ತೋಟಕ್ಕೆ ಹೋಗಿ ಕಾಫಿ ಗಿಡದ ಒಂದು ರೆಕ್ಕೆ, ಮೊಗ್ಗು ಕೂತ ಅಡ್ಡಕೊಂಬೆ, ಮುರಿದು ತಂದು ಜಗುಲಿಯ ಮೇಲಿಟ್ಟ.

"ಇನ್ನು ಎರಡು ದಿನ ಅಮ್ಮ. ಅದಾದ್ಮೇಲೆ ನೀರು ಕೊಟ್ರೂ ಒಂದೇ, ಬಿಟ್ರೂ ಒಂದೇ."

ಗುರುವಾರ ಮತ್ತೆ ಮೂಡಿಗೆರೆ. ಪರೀಕ್ಷೆಯಲ್ಲಿ ಚಿನ್ನ ಒಳ್ಳೆಯದೇ ಎಂದು ಬಂದಿತ್ತು. ಇನ್ನೇನು ದುಡ್ಡು ಕೈಗೆ ಬಂತು ಎಂದುಕೊಂಡೆ. ಪರೀಕ್ಷೆಯದ್ದಿಷ್ಟು, ಕರಗಿಸುವಾಗ ಹೋಗುವುದಿಷ್ಟು ಎಂದು ಕಳೆದು ಅವರು ಒಂದು ಮೊತ್ತ ಬರೆದರು. ಆಮೇಲೆ ಹೇಳಿದರು: "ಇಷ್ಟಕ್ಕೆ ಒಡವೆ ಯಾವ್ದು ಬೇಕೋ ನೋಡಿ."

"ಒಡವೆ ಬೇಡ. ದುಡ್ಡು," ಎಂದೆ. ಆ ಅಂಗಡಿಯಲ್ಲಿ ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ದುಡ್ಡು ನಾವು ಕೊಡಲ್ಲಮ್ಮ. ನಮ್ಮಲ್ಲಿ ಎಕ್ಸ್‌ಚೇಂಜ್ ಮಾತ್ರ. ಬೋರ್ಡ್ ಹಾಕಿದ್ದೀವಲ್ಲ." ಬೋರ್ಡು ಇತ್ತು. ಆರು ವರ್ಷ ನಾನು ಅದರ ಕೆಳಗಿನ ಬೆಂಚಿನಲ್ಲೇ ಕೂತಿದ್ದೆ. ಇಂಗ್ಲಿಷಿನಲ್ಲಿತ್ತು.

ಆಗ ನಿಮ್ಮಮ್ಮ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. "ಅತ್ತೆ, ಬಳೆ ತಗೊಳ್ಳಿ. ಎದುರಿನ ಸಾಲದ ಆಫೀಸಲ್ಲಿ ಬಳೆ ಇಟ್ಕೊಳ್ತಾರಲ್ಲ."

ಹಾಗೆಯೇ ಮಾಡಿದೆವು. ನಾಣ್ಯ ಕೊಟ್ಟು ಎರಡು ಬಳೆ ತೆಗೆದುಕೊಂಡೆವು. ಯಾವ ಮಜೂರಿ ಉಳಿಸಲು ಆರು ವರ್ಷ ನಾಣ್ಯ ಕೂಡಿಸಿದ್ದೆನೋ ಆ ಮಜೂರಿಯನ್ನೇ ಕೊಟ್ಟೆ, ವೇಸ್ಟೇಜೂ ಕೊಟ್ಟೆ, ತೆರಿಗೆಯನ್ನು ಎರಡನೇ ಸಲ ಕೊಟ್ಟೆ. ಬಳೆಗಳನ್ನು ಕೈಗೆ ಹಾಕಿಕೊಳ್ಳಲೂ ಇಲ್ಲ. ರಸ್ತೆ ದಾಟಿ ಅದೇ ಹುಡುಗಿಯ ಮುಂದೆ ಇಟ್ಟೆವು. ಅವಳಿಗೆ ಅರ್ಥವಾಯಿತು. ನಗಲಿಲ್ಲ, "ಇಂಥದ್ದು ವಾರಕ್ಕೊಂದು ಬರ್ತದೆ ಅಜ್ಜಿ," ಎಂದಳು. ಆಧಾರ್ ತಂದಿದ್ದೆ, ಪಾನ್ ಕಾರ್ಡು ಮನೆಯಲ್ಲಿತ್ತು. ದುಡ್ಡು ಶುಕ್ರವಾರಕ್ಕೆ ಹೋಯಿತು.

ಶುಕ್ರವಾರ ದುಡ್ಡು ಹಿಡಿದು ಪಂಪಿನ ಅಂಗಡಿಗೆ ಹೋದರೆ ಆ ಒಂದು ಇಂಜಿನ್ ಬುಧವಾರವೇ ಮಾರಿಹೋಗಿತ್ತು. ಹಾಸನದಿಂದ ಇನ್ನೊಂದು ಬರಲು ಶನಿವಾರ ಸಂಜೆಯಾಯಿತು. ಭಾನುವಾರ ಬೆಳಿಗ್ಗೆ ನೀರು ಶುರುವಾಯಿತು. ಕೆರೆಯ ಪಕ್ಕದ ಕೆಳಗಿನ ತೋಟಕ್ಕೆ ಮೊದಲು ಕೊಟ್ಟೆವು. ಅಲ್ಲಿ ನೆರಳು ಹೆಚ್ಚು, ಮೊಗ್ಗು ಇನ್ನೂ ಹಸಿರಿತ್ತು. ಮೇಲಿನ ತೋಟ ಪಶ್ಚಿಮಕ್ಕೆ ಮುಖ ಮಾಡಿದ್ದು, ಮಧ್ಯಾಹ್ನದ ಬಿಸಿಲೆಲ್ಲ ಅಲ್ಲಿಗೇ. ಪೈಪು ಅಲ್ಲಿಗೆ ಏರಿಸುವಾಗ ಮಂಗಳವಾರವಾಗಿತ್ತು. ನಿಮ್ಮಪ್ಪ ರಜೆ ಹಾಕಿ ಎರಡು ದಿನ ಅಲ್ಲಿ ನೀರು ಹಾಯಿಸಿದ. ನೀರು ಬೀಳುವುದನ್ನು ನೋಡುತ್ತಾ ನಾನು ಒಂದು ಗಿಡದ ಮೊಗ್ಗು ಮುಟ್ಟಿದೆ. ಉದುರಿತು.

ಮುಂದಿನ ವಾರ ಕೆಳಗಿನ ತೋಟ ಬಿಳಿಯಾಯಿತು. ಮೇಲೆ ಅಲ್ಲೊಂದು ಇಲ್ಲೊಂದು ರೆಕ್ಕೆಯಲ್ಲಿ ಮಾತ್ರ ಹೂವು. ಕೆಳಗಿನಿಂದ ಪರಿಮಳ ಬಂದಾಗ ಪಕ್ಕದ ಮನೆಯವಳು ಬೇಲಿಯ ಹತ್ತಿರ ನಿಂತು, "ಚೆನ್ನಾಗಿ ಕೂತಿದೆ ಮಾರಾಯ್ತಿ ನಿಮ್ದು," ಎಂದಳು. ಹೌದು ಎಂದೆ.

ಈಗ ದೊಡ್ಡವಳ ಪ್ರಶ್ನೆಗೆ ಬರುತ್ತೇನೆ. ಲೆಕ್ಕ ನೋಡಿದರೆ ನನಗೆ ನಷ್ಟವಾಗಲಿಲ್ಲ. ನಾನು ಕೊಂಡಾಗಿನ ರೇಟಿಗೂ ಆ ದಿನದ ರೇಟಿಗೂ ಬಹಳ ಅಂತರವಿತ್ತು. ಅಷ್ಟೆಲ್ಲ ಕಳೆದ ಮೇಲೂ ಕೊಟ್ಟದ್ದಕ್ಕಿಂತ ಹೆಚ್ಚೇ ಬಂತು. ಸಂಘದಲ್ಲಿ ಈಗಲೂ "ನಿಮಗೆ ಲಾಭವೇ ಆಯ್ತಲ್ಲ" ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಚಿನ್ನದ ಮೇಲಲ್ಲ, ಅದು ಏರುವಷ್ಟು ಏರಿತು. ರೇಟು ಹೇಳುವವರು ಯಾರೂ ಅದನ್ನು ದುಡ್ಡು ಮಾಡಲು ಎಷ್ಟು ದಿನ ಬೇಕು ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ, ಆ ಸಿಟ್ಟು. ಮೇಲಿನ ತೋಟದ ಫಸಲು ನಿಮ್ಮ ಹಾಸ್ಟೆಲಿನ ಫೀಸು. ಒಣಗಿದ ಕಾಫಿ ಮಾರಿದ ದುಡ್ಡಿನಲ್ಲಿ ಮೊದಲು ಬಳೆ ಬಿಡಿಸಿಕೊಂಡೆವು, ಬಡ್ಡಿ ಬೆಳೆಯಬಾರದೆಂದು. ಮುಂದಿನ ವರ್ಷದ ಫೀಸಿಗೆ ಬಳೆ ಮಾರಿಬಿಡು ಎಂದೆ. ಮತ್ತೆ ಅದೇ ಅಂಗಡಿ, ಅದೇ ಕಡಿತ, ಬೇಡ ಎಂದ ನಿಮ್ಮಪ್ಪ. ಬೈಕ್ ಮಾರಿದ. ಬೈಕ್ ಎಲ್ಲಿ ಎಂದು ನೀವು ಕೇಳಿದಾಗ ರಿಪೇರಿಗೆ ಹೋಗಿದೆ ಎಂದದ್ದು ಸುಳ್ಳು. ಅವನು ಒಂದೂವರೆ ವರ್ಷ ಎಸ್ಟೇಟಿಗೆ ನಡೆದೇ ಹೋದ.

ಹಾಗಾಗಿ ಮಗಳೇ, ತೆಗೆದುಕೊಳ್ಳುವುದಾದರೆ ತೆಗೆದುಕೋ. ಅವಸರಕ್ಕೆ ಬೇಕಾಗುವ ದುಡ್ಡು ಬ್ಯಾಂಕಿನಲ್ಲಿ ಇದ್ದ ಮೇಲೆ, ಹತ್ತು ವರ್ಷ ಮುಟ್ಟದೆ ಇರಬಲ್ಲ ದುಡ್ಡಿದ್ದರೆ ಮಾತ್ರ. ಕವರ್ ಕತ್ತರಿಸಬೇಡ, ಪೂಜೆಗೆ ನನ್ನ ಓಲೆ ಇದೆ. ಬಿಲ್ಲನ್ನು ಫೋನಿನಲ್ಲಿ ಫೋಟೋ ತೆಗೆದಿಡು. ದುಡ್ಡು ಕೊಡುವ ಮೊದಲು ಕೇಳು, ನಾಳೆ ತಂದರೆ ನಗದು ಕೊಡುತ್ತೀರಾ, ಎಷ್ಟು ಹಿಡಿಯುತ್ತೀರಾ ಎಂದು. ಅವರು ಮುಖ ಗಂಟಿಕ್ಕಿದರೆ ಗಂಟಿಕ್ಕಲಿ. ನಿನಗೆ ಕೇಳಲು ಬಾಯಿದೆ, ನಿನ್ನ ಅಮ್ಮನ ಹಾಗೆ.

ಆ ವರ್ಷದ ಕೊಯ್ಲಿಗೆ ಮೇಸ್ತ್ರಿ ಎಂದಿನಂತೆ ಎಂಟು ಹೆಂಗಸರನ್ನು ಕರೆದುಕೊಂಡು ಬಂದಿದ್ದ. ಕೆಳಗಿನ ತೋಟ ಮುಗಿಸಿ ಮೇಲೆ ಹತ್ತಿದರು. ಅವನು ಒಂದು ರೆಕ್ಕೆ ಎತ್ತಿ ನೋಡಿದ, ಬಿಟ್ಟ. ಇನ್ನೊಂದು ಗಿಡಕ್ಕೆ ಹೋಗಿ ನೋಡಿದ.

"ಅಮ್ಮ, ಇಲ್ಲಿಗೆ ಇಬ್ರು ಸಾಕು. ಉಳಿದೋರ್ನ ಪಕ್ಕದ ತೋಟಕ್ಕೆ ಕಳಿಸ್ಲಾ? ಅವರಿಗೂ ಕೂಲಿ ಆಗ್ಬೇಕಲ್ಲ."

"ಕಳಿಸು," ಎಂದೆ.

ಆರು ಜನ ಸೊಂಟದ ಚೀಲ ಬಿಚ್ಚದೆ ಹಾಗೆಯೇ ತಿರುಗಿ ಇಳಿದರು. ಉಳಿದ ಇಬ್ಬರು ಬೇರೆ ಬೇರೆ ಸಾಲು ಹಿಡಿದರು. ನಾನೂ ಒಂದು ಚೀಲ ಕಟ್ಟಿಕೊಂಡು ಮೂರನೇ ಸಾಲಿಗೆ ಹೋದೆ. ಊಟದ ಹೊತ್ತಿಗೆ ಚೀಲದ ತಳ ಇನ್ನೂ ಕಾಣುತ್ತಿತ್ತು.